ಗೆರೆ ಮೂಡಿದ ಹತ್ತು ದಿನ

ಅದು ಅಪ್ಪನ ಹಾಯಿಯೇ ಆಗಿದ್ದರೆ? ಇರಲಿಕ್ಕಿಲ್ಲ. ತೇಪೆ ಹಾಕಿದ ಹಾಯಿ ಈ ಸಮುದ್ರದಲ್ಲಿ ಒಂದೇ ಇರುವುದೇನು? ಆದರೆ ಅವ್ವನ ಹಳೆಯ ಸೀರೆಯ ಕೆಂಪು ಸೆರಗನ್ನು ಬಲತುದಿಗೆ ಹೊಲಿದ ಹಾಯಿ ಇನ್ನೆಷ್ಟು ಇದ್ದೀತು? ಅಪ್ಪ ಕಾಣದಾದ ಒಂಬತ್ತನೆಯ ದಿನ ಬೆಳಗಿನ ಇಳಿತದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ನಾನು ಕಣ್ಣು ತಿಕ್ಕಿಕೊಂಡೆ. ಹವಳದ ದಿಬ್ಬದ ಆಚೆ, ಹೊರಗಿನ ಮರಳದಿನ್ನೆಯ ಹಿಂದೆ, ಕೆಂಪು ಚುಕ್ಕೆಯೊಂದು ಕಂಡಂತೆ ಮಾಡಿ ಮರೆಯಾಗಿತ್ತು. ಅಪ್ಪನದೇ ಆದರೆ ಅವ್ವನಿಗೆ ಹೇಳಬೇಕು. ಅಲ್ಲದಿದ್ದರೆ ಹೇಳಿ ಅವಳ ಮುಖದ ಮೇಲೆ ಈಗಷ್ಟೇ ಮೂಡುತ್ತಿರುವುದನ್ನು ಅಳಿಸುವುದೇಕೆ? ಅಪ್ಪನದೇ ಆಗಿದ್ದೂ ಹೇಳದೆ ಉಳಿದರೆ ಅದಕ್ಕೆ ಏನೆನ್ನಬೇಕು?

"ಏನಯ್ಯ ಪದವೀಧರ, ನೀರಲ್ಲಿ ಬೇರು ಬಿಟ್ಟೆಯಾ?" ಎಂದು ಪಕ್ಕದ ಬಂಡೆಯಿಂದ ಸುಬ್ಬಿಮಾವ ಕೂಗಿದ. "ನಿನ್ನ ಕಾಲಿಗೆ ಹವಳ ಕಟ್ಟೀತು, ನೋಡ್ಕೋ!"

ನಾನು ಉತ್ತರ ಕೊಡುವುದಿಲ್ಲ ಎಂದು ಗೊತ್ತಿದ್ದೇ ನಮ್ಮೂರವರು ನನ್ನನ್ನು ಮಾತಾಡಿಸುತ್ತಾರೆ. ದೂರದ ಊರಿನಲ್ಲಿ ಓದಿ ಪದವಿ ತಂದವನು ಇಲ್ಲಿ ನಾನೊಬ್ಬನೇ. ಜೊತೆಗೆ ಇನ್ನೇನು ತಂದ ಎಂದು ಯಾರಾದರೂ ಕೇಳಿದರೆ, "ಬಾಯಿಗೆ ಬೀಗ ತಂದಿದ್ದಾನೆ, ಕೀಲಿ ಹಾಸ್ಟೆಲಿನಲ್ಲಿ ಮರೆತು ಬಂದಿದ್ದಾನೆ" ಎಂದು ಸುಬ್ಬಿಮಾವ ಹೇಳುವುದುಂಟು.

ಸುಬ್ಬಿಮಾವ ನನಗೆ ಎಂಟು ವರ್ಷವಾಗುವ ತನಕ ಸುಬ್ಬಿಅತ್ತೆಯಾಗಿದ್ದ. ಅವನ ಮನೆಯ ಯಜಮಾನ ಬಲೆಯ ಹಗ್ಗಕ್ಕೆ ಕಾಲು ಸಿಕ್ಕಿ ಸಮುದ್ರ ಸೇರಿದ. ಮೂರನೆಯ ದಿನ ಅತ್ತೆಯ ಎರಡೂ ಕಣ್ಣಿನ ತುದಿಯಿಂದ ಕಿವಿಯ ತನಕ ಸಣ್ಣಗೆ ಹಸಿರು ಗೆರೆ ಮೂಡಿತು. ಹತ್ತನೆಯ ದಿನಕ್ಕೆ ಅದು ನೀಲಿ ಅಂಚಿನ ದಪ್ಪ ಹಸಿರಾಗಿ, ದನಿ ಒಂದು ಮೆಟ್ಟಿಲು ಕೆಳಗಿಳಿದು, ಅವಳು ಬಂಡೆ ಹತ್ತಿ ಮಾವನಾದಳು. ಎಲ್ಲ ಮನೆಯಲ್ಲೂ ಹೀಗೆಯೇ. ಯಜಮಾನ ಹೋದರೆ ಅಥವಾ ಮನೆಗೆ ಬಾರದಿದ್ದರೆ ಮನೆಯ ಹಿರಿಯ ಹೆಂಗಸಿಗೆ ಗೆರೆ ಬರುತ್ತದೆ, ಅವನ ಗೆರೆ ಅಳಿಯುತ್ತದೆ; ಹತ್ತು ದಿನದೊಳಗೆ ಅವನು ಬಂದರೆ ಅವಳದು ಹೋಗುತ್ತದೆ. ಅದಕ್ಕೆ ಯಾರೂ ಅಚ್ಚರಿಪಡುವುದಿಲ್ಲ. ತೊಂದರೆಯೇನಿದ್ದರೂ ಸಣ್ಣಪುಟ್ಟದ್ದು. ರುಮಾಲು ಜಡೆಯ ಮೇಲೆ ನಿಲ್ಲುವುದಿಲ್ಲ. ಕ್ಷೌರದವನು ಪದ್ಧತಿ ಬಿಡಬಾರದೆಂದು ಗಡ್ಡವಿಲ್ಲದ ಗಲ್ಲಕ್ಕೆ ನೊರೆ ಹಚ್ಚಿ ಕತ್ತಿಯ ಬೆನ್ನಿನಿಂದ ಒರೆಸುತ್ತಾನೆ; ಕಚಗುಳಿಯಾಗಿ ಹೊಸ ಯಜಮಾನ ನಕ್ಕರೆ ಮುನಿಸಿಕೊಳ್ಳುತ್ತಾನೆ. ಮಕ್ಕಳು ಒಂದೆರಡು ತಿಂಗಳು ತಪ್ಪಿ ಅವ್ವ ಎಂದು ಕರೆದು ಕಿವಿ ಹಿಂಡಿಸಿಕೊಳ್ಳುತ್ತವೆ.

ಬಂಡೆಗಳಲ್ಲಿರುವ ಗೆರೆಮೀನಿನದೂ ಇದೇ ಬದುಕು. ನಮ್ಮೂರಿನ ಪ್ರತಿ ಮನೆಗೂ ದಿಬ್ಬದ ಮೇಲೆ ಒಂದು ಹವಳದ ಬಂಡೆಯಿದೆ, ಪ್ರತಿ ಬಂಡೆಗೂ ಒಂದು ದೊಡ್ಡ ಗೆರೆಮೀನು. ದಪ್ಪ ತುಟಿ, ಮುಂದಕ್ಕೆ ಚಾಚಿದ ಹಲ್ಲು, ಹಸಿರು ಮೈ, ಕೆನ್ನೆಯ ಮೇಲೆ ಯಾರೋ ಅವಸರದಲ್ಲಿ ಬರೆದಂಥ ನೀಲಿ ಗೀಟುಗಳು. ಬಾಲವನ್ನು ಸುಮ್ಮನೆ ಎಳೆದುಕೊಂಡು, ಎರಡು ಪಕ್ಕದ ರೆಕ್ಕೆಗಳನ್ನು ದೋಣಿಯ ಹುಟ್ಟಿನಂತೆ ಹಾಕುತ್ತ, ತನ್ನ ಬಂಡೆಯ ಸುತ್ತ ಗಸ್ತು ತಿರುಗುತ್ತದೆ. ಅದರ ಹಿಂದೆ ಐದಾರು ಕಂದುಬಣ್ಣದ ಹೆಣ್ಣುಗಳು. ಹಸಿರು ಮೀನು ಹೋಯಿತೆಂದರೆ ಗಂಟೆಯೊಳಗೆ ಹೆಣ್ಣುಗಳಲ್ಲಿ ದೊಡ್ಡದು ಉಳಿದವನ್ನು ಅಟ್ಟಿಸಿಕೊಂಡು ಹೋಗಲು ಶುರುಮಾಡುತ್ತದೆ. ಬಣ್ಣ ಆಮೇಲೆ ನಿಧಾನವಾಗಿ ಬರುತ್ತದೆ. ಗತ್ತು ಮೊದಲು ಬರುತ್ತದೆ.

ಅವ್ವನಿಗೂ ಹಾಗೆಯೇ ಆಯಿತು. ಅಪ್ಪನ ದೋಣಿ ಸಂಜೆಗೆ ಬಾರದ ದಿನ ಅವಳು ದಡದಲ್ಲಿ ಕತ್ತಲಾಗುವ ತನಕ ಕೂತಿದ್ದಳು. ಮರುದಿನ ಬೆಳಿಗ್ಗೆ ಎದ್ದು, ಇಪ್ಪತ್ತನಾಲ್ಕು ವರ್ಷಗಳಿಂದ ಮುಚ್ಚಿದ್ದ ಸಮುದ್ರದ ಕಡೆಯ ಕಿಟಕಿಯನ್ನು ಸುತ್ತಿಗೆಯಿಂದ ಬಡಿದು ತೆರೆದಳು. "ಇದನ್ನ ಯಾಕೆ ಮುಚ್ಚಿದ್ರೋ!" ಎಂದಳು. ಮುಚ್ಚಿದ್ದು ಅಪ್ಪ, ಗಡಿಜಗಳ ಕೇಳಿಸಬಾರದೆಂದು.

ಗಡಿಜಗಳ ನಮ್ಮ ಯಜಮಾನರ ಕೆಲಸ. ದಿನವೂ ಬೆಳಗಿನ ಇಳಿತದಲ್ಲಿ ಅವರು ಹಸಿರು ರುಮಾಲು ಸುತ್ತಿ ತಮ್ಮ ತಮ್ಮ ಬಂಡೆ ಹತ್ತಿ, ನೀನು ನನ್ನ ಗಡಿ ದಾಟಿದೆ ಎಂದು ಪಕ್ಕದ ಬಂಡೆಯವರನ್ನು ಅರ್ಧ ಗಂಟೆ ಬೈಯಬೇಕು. ಸಿಟ್ಟಿರಬೇಕೆಂದಿಲ್ಲ, ಬೈಗುಳ ಹೊಸದಿರಬೇಕು. ಬೈಯದ ಮನೆಯ ಬಂಡೆಯನ್ನು ಊರು ಮರೆಯುತ್ತದೆ, ಮೀನೂ ಮರೆಯುತ್ತದೆ ಎಂಬ ನಂಬಿಕೆ. ಅಪ್ಪ ಜಟ್ಟಪ್ಪನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಯಾರಿಗಾದರೂ ಕಾಲು ತಾಗಿದರೆ ಮೂರು ದಿನ ಕ್ಷಮೆ ಕೇಳುವ ಮನುಷ್ಯ ಅವನು. ಹಿಂದಿನ ಸಂಜೆಯೇ ಒಲೆಯ ಬಳಿ ಕೂತು, "ನಾಳೆಗೆ ಏನಾದರೂ ಹೇಳೇ ಗಣಪಿ" ಎಂದು ಅವ್ವನನ್ನು ಗೋಗರೆಯುತ್ತಿದ್ದ. ಅವ್ವ ರೊಟ್ಟಿ ತಟ್ಟುತ್ತ ಒಂದೊಂದೇ ಬೈಗುಳ ಹೇಳಿಕೊಡುತ್ತಿದ್ದಳು. ಅವನು ಇದ್ದಿಲಿನಿಂದ ಅಂಗೈ ಮೇಲೆ ಗುರುತು ಮಾಡಿಕೊಳ್ಳುತ್ತಿದ್ದ. ಬೆಳಿಗ್ಗೆ ಬಂಡೆ ಹತ್ತಿ ಅಂಗೈ ನೋಡಿಕೊಂಡು, "ಸುಬ್ಬಿ, ನಿನ್ನ ಮೂಗು ನನ್ನ ಗಡಿ ದಾಟಿ ಬಂದದೆ... ಒಳಗೆ ಎಳ್ಕೋ... ದಯವಿಟ್ಟು" ಎನ್ನುತ್ತಿದ್ದ. ಆ ದಯವಿಟ್ಟು ಅವನ ಸ್ವಂತದ್ದು. ಸಾಲುಬಂಡೆಗಳೆಲ್ಲ ನಗುತ್ತಿದ್ದವು.

ಅವ್ವ ನಾಲ್ಕನೆಯ ದಿನ, ಗೆರೆ ಇನ್ನೂ ಕೂದಲೆಳೆಯಷ್ಟು ಇದ್ದಾಗಲೇ, ನೀರಿಗಿಳಿದು ಬಂಡೆಯ ಮೇಲೆ ನಿಂತಳು. "ಏ ಸುಬ್ಬಿ!" ಎಂದಳು. "ನಿನ್ನ ಬಂಡೇಲಿ ಪಾಚಿ ಕೂಡ ಮುಖ ಮುಚ್ಕೊಂಡು ಬೆಳೀತದೆ! ನಿನ್ನ ಏಡಿ ನನ್ನ ಬಂಡೆಗೆ ಬಂದು, ಎರಡು ದಿನ ಇರಿಸ್ಕೊಳ್ಳಿ, ಆ ಮನೇಲಿ ಗೊರಕೆ ತಡೀಲಿಕ್ಕಾಗೂದಿಲ್ಲ ಅಂತದೆ!" ಸುಬ್ಬಿಮಾವ ಬೈಯಲು ಬಾಯಿ ತೆರೆದವನು ಹಾಗೆಯೇ ನಿಂತ. ಆಮೇಲೆ ಅವನ ಕಣ್ಣಲ್ಲಿ ನೀರು ಬಂತು. "ಇಷ್ಟು ವರ್ಷ ಇದನ್ನೆಲ್ಲ ತಣ್ಣಗಾದ ಮೇಲೆ ತಿಂದೆನಲ್ಲೇ ಗಣಪಿ! ಬಿಸಿ ಬಿಸಿ ಇರುವಾಗ ಇದರ ರುಚಿಯೇ ಬೇರೆ!"

ಅಂದಿನಿಂದ ಅವ್ವ ಮನೆಯೊಳಗೆ ನಡೆಯುವ ಸದ್ದೇ ಬದಲಾಯಿತು. ಬೆಳಿಗ್ಗೆ ಹಿತ್ತಾಳೆ ತಟ್ಟೆಯನ್ನು ಕಿಟಕಿಗೆ ಹಿಡಿದು ಮುಖ ನೋಡಿಕೊಳ್ಳುವಳು. ಗೆರೆಯನ್ನು ಬೆರಳಿನಿಂದ ಮುಟ್ಟುವಳು. ನಾನು ನೋಡಿದ್ದು ಗೊತ್ತಾದರೆ, "ಎಂತ ನೋಡ್ತೆ? ನಿನ್ನ ಪದವಿಗಿಂತ ಚಂದ ಕಾಣ್ತದೆ" ಎನ್ನುವಳು. ಎಂಟನೆಯ ದಿನ ಮಾತ್ರ ತಟ್ಟೆಯನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತ, ನನಗೊಂದು ಮಾತು ಹೇಳಿದಳು. ನಾನು ತಲೆಯಾಡಿಸಿದೆ. ನಮ್ಮ ಮನೆಯಲ್ಲಿ ನನ್ನ ತಲೆಯಾಡಿಸುವಿಕೆಯನ್ನು ಮಾತು ಕೊಟ್ಟಂತೆ ಎಂದು ತಿಳಿಯುತ್ತಾರೆ.

ಒಂಬತ್ತನೆಯ ದಿನ ಆ ಕೆಂಪು ಚುಕ್ಕೆ ಕಂಡಿತು. ನೀರು ಇಳಿದಿರುವಾಗ ದಿಬ್ಬದ ಬೆನ್ನ ಮೇಲೆ ನಡೆದೇ ಹೊರಗಿನ ಮರಳದಿನ್ನೆ ಮುಟ್ಟಬಹುದು. ನೀರು ಏರುವ ಮುಂಚೆ ತಿರುಗಿ ಬರಬೇಕು, ಅಷ್ಟೆ. ನಾನು ಹೊರಟೆ. "ಎಲ್ಲಿಗೋ?" ಎಂದ ಸುಬ್ಬಿಮಾವ. ಚಿಪ್ಪು ಆರಿಸುವವನಂತೆ ಬಗ್ಗಿ ಬಗ್ಗಿ ನಡೆದೆ.

ದಿನ್ನೆಯ ಹಿಂದೆ ದೋಣಿಯ ನೆರಳಲ್ಲಿ ಅಪ್ಪ ಕೂತಿದ್ದ. ಒಂದು ಚಿಪ್ಪನ್ನು ಹವಳದ ಕಲ್ಲಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಟ್ಟಿ ಒಡೆಯುತ್ತಿದ್ದ, ಥೇಟು ಗೆರೆಮೀನು ಬಾಯಲ್ಲಿ ಚಿಪ್ಪು ಹಿಡಿದು ಕಲ್ಲಿಗೆ ಬಡಿಯುವ ಹಾಗೆ. ಮುಖವೆತ್ತಿದ. ಗೆರೆ ಇರಲಿಲ್ಲ. ಒರೆಸಿದ ಸ್ಲೇಟಿನಂಥ ಮುಖ. ನನಗಿಂತ ನಾಲ್ಕೈದು ವರ್ಷವಷ್ಟೇ ದೊಡ್ಡವನಂತೆ ಕಂಡ.

"ಬಂದೆಯಾ? ಕೂತ್ಕೋ" ಎಂದ, ಅಂಗಡಿಗೆ ಹೋಗಿ ಬಂದ ಮಗನಿಗೆ ಹೇಳುವಂತೆ. "ಇವತ್ತು ಎಷ್ಟನೇ ದಿನ?"

"ಒಂಬತ್ತು" ಎಂದೆ. "ಊರಿಗೆ ಊರೇ ನೀನು ಸತ್ತೆ ಅಂತ ಹೇಳ್ತದೆ."

"ಹೌದಾ? ಯಾರಾದರೂ ಅತ್ತರಾ?"

"ಸುಬ್ಬಿಮಾವ ಅತ್ತ. ಆದರೆ ಅದು ಖುಷಿಗೆ."

ಅಪ್ಪ ನಕ್ಕ. ಚಿಪ್ಪಿನ ಮಾಂಸ ನನಗೆ ಕೊಟ್ಟ. "ಮೊದಲೆರಡು ದಿನ ಗಾಳಿ ಎಳ್ಕೊಂಡು ಹೋಯ್ತು, ಚುಕ್ಕಾಣಿ ಮುರೀತು. ಅದು ಸುಳ್ಳಲ್ಲ. ಮೂರನೇ ದಿನ ಎಲ್ಲ ಸರಿಮಾಡಿ ಇಲ್ಲಿಗೆ ಮುಟ್ಟಿದೆ. ಹಾಯಿ ಎತ್ತಿ ಮನೆಗೆ ಹೊರಡುವಾಗ ನೀರಲ್ಲಿ ಮುಖ ನೋಡಿಕೊಂಡೆ. ಗೆರೆ ಅರ್ಧ ಹೋಗಿತ್ತು. ಎಷ್ಟು ಹಗುರ ಅನ್ನಿಸ್ತು ಗೊತ್ತುಂಟಾ ಈರಾ? ನಾಳೆ ಹೋಗುವಾ ಅಂದ್ಕೊಂಡೆ. ಮರುದಿನನೂ ನಾಳೆ ಹೋಗುವಾ ಅಂದ್ಕೊಂಡೆ."

ಅವನು ಕಾಲು ನೀರಿಗೆ ಬಿಟ್ಟಿದ್ದ. ಕಿರುಬೆರಳುದ್ದದ ನೀಲಿ ಮೀನೆರಡು, ಮೈಯುದ್ದ ಕಪ್ಪು ಪಟ್ಟೆಯವು, ಕುಣಿಯುತ್ತ ಬಂದು ಅವನ ಹಿಮ್ಮಡಿಯ ಬಿರುಕುಗಳನ್ನು ಶುಚಿ ಮಾಡುತ್ತಿದ್ದವು. ಅವೂ ಗೆರೆಮೀನಿನ ಕುಲದವೇ, ಊರ ಮೀನುಗಳ ಮೈ ತೊಳೆಯುವ ಉದ್ಯೋಗದವು. ಪಕ್ಕದಲ್ಲಿ ನನ್ನ ತೋಳುದ್ದದ ಮೀನೊಂದು ಬಾಯಿ ತೆರೆದುಕೊಂಡು ತನ್ನ ಸರದಿಗೆ ಕಾಯುತ್ತಿತ್ತು. ಅದರ ಹಿಂದೆ, ಬೇರೆ ಹೊತ್ತಿನಲ್ಲಾದರೆ ಅದಕ್ಕೆ ತುತ್ತಾಗುವಂಥ ಸಣ್ಣ ಮೀನು. "ನೋಡು" ಎಂದ ಅಪ್ಪ, "ಇಲ್ಲಿ ಯಾರೂ ಯಾರಿಗೂ ಬೈಯೂದಿಲ್ಲ. ಸಾಲಲ್ಲಿ ನಿಂತರೆ ಆಯ್ತು." ಆಮೇಲೆ ಕೇಳಿದ: "ಅವಳು ಬಂಡೆ ಹತ್ತಿದಳಾ?"

ಹತ್ತಿದಳು ಎಂದೆ. ಏಡಿಯ ಬೈಗುಳ ಹೇಳಿದೆ. ಅಪ್ಪ ತೊಡೆ ಬಡಿದುಕೊಂಡು ನಕ್ಕ ರಭಸಕ್ಕೆ ಹಿಮ್ಮಡಿಯ ಮೀನುಗಳು ಹಾರಿಹೋದವು. "ಅಯ್ಯೋ ಕಳ್ಳಿ! ಇದನ್ನ ನಂಗೆ ಕೊಡಲೇ ಇಲ್ಲ! ಒಳ್ಳೊಳ್ಳೇದನ್ನೆಲ್ಲ ತನಗೇ ಎತ್ತಿಟ್ಕೊಂಡಿದ್ದಳು!" ನಕ್ಕು ಮುಗಿದ ಮೇಲೆ ಮರಳನ್ನು ಕಾಲ ಬೆರಳಿಂದ ಕೆದಕಿದ. "ನನ್ನ ಬಗ್ಗೆ ಏನಾದರೂ ಅಂದಳಾ?"

ನಾನು ಸಾಲಿನಲ್ಲಿ ನಿಂತ ಸಣ್ಣ ಮೀನನ್ನು ನೋಡಿದೆ. ಅದರ ಸರದಿ ಇನ್ನೂ ಬಂದಿರಲಿಲ್ಲ. ನನ್ನ ಕಣ್ಣ ಮುಂದೆ ತೆರೆದ ಕಿಟಕಿ ಬಂತು, ಹಿತ್ತಾಳೆ ತಟ್ಟೆಯಲ್ಲಿ ಗೆರೆ ಮುಟ್ಟಿಕೊಳ್ಳುವ ಅವ್ವ ಬಂದಳು. ಎದುರಿಗೆ ಈ ಒರೆಸಿದ ಮುಖ.

"ನಿನ್ನನ್ನ ಕೇಳಿದ್ನಲ್ಲ, ನಂಗೆ ಬುದ್ಧಿ ಇಲ್ಲ" ಎಂದು ಅಪ್ಪ ಬೆನ್ನು ತಟ್ಟಿದ. "ಒಂದು ಸಲ ಬಾ ಅಂದಿದ್ದರೆ ಈಗಲೇ ಹೊರಡ್ತಿದ್ದೆ, ಅಷ್ಟೆ. ಇರಲಿ. ಅವಳಿಗೆ ಬೇಕಾದ್ದು ಅವಳಿಗೆ ಸಿಕ್ಕಿತು. ನಾಳೆ ಕಳೀಲಿ, ಆಮೇಲೆ ಬರ್ತೆ. ಯಾರಿಗೂ ಹೇಳಬೇಡ ಅಂತ ನಿಂಗೆ ಹೇಳೂದೇ ತಮಾಷೆ."

"ನಾಳೆ ಅವ್ವನನ್ನ ನಾನು ಅಪ್ಪ ಅಂತ ಕರೀಬೇಕು" ಎಂದೆ.

"ಕರಿ. ಒಳ್ಳೇ ದನಿ ಉಂಟು ನಿಂಗೆ. ಬಳಸದೇ ಹೊಸದಾಗಿಯೇ ಉಳಿದದೆ."

ನೀರು ಏರತೊಡಗಿತ್ತು. ಹೋಗುವಾಗ ಹಿಂತಿರುಗಿ ನೋಡಿದೆ. ಸಂಜೆಯಾದರೆ ಕೆಲವು ಗೆರೆಮೀನುಗಳು ತಲೆ ಮುಂದಾಗಿ ಮರಳಿನೊಳಗೆ ನುಗ್ಗಿ ಮಲಗುತ್ತವೆ. ಮೇಲೆ ಒಂದು ಗುರುತೂ ಉಳಿಯುವುದಿಲ್ಲ. ದಿನ್ನೆಯ ಹಿಂದೆ ಅಪ್ಪನೂ ಹಾಗೆಯೇ ಇಲ್ಲವಾಗಿದ್ದ.

ಹತ್ತನೆಯ ದಿನ ಊರೆಲ್ಲ ದಿಬ್ಬದ ಮೇಲೆ ಸೇರಿತು. ಅವ್ವ ಅಪ್ಪನ ಹಸಿರು ರುಮಾಲು ಸುತ್ತಿ ಬಂಡೆಯ ಮೇಲೆ ನಿಂತಳು. ಕ್ಷೌರದವನು ನೊರೆ ಹಚ್ಚಿ ಒರೆಸಿದ. ಅವಳು ನಗಲಿಲ್ಲ, ಅವನಿಗೆ ಸಮಾಧಾನವಾಯಿತು. ಇನ್ನು ಮನೆಯ ಹಿರಿಯ ಮಗು ಮೂರು ಸಲ ಅಪ್ಪ ಎಂದು ಕರೆಯಬೇಕು, ಅವಳು ಮೂರು ಸಲ ಓ ಎನ್ನಬೇಕು. ಮೂರನೆಯ ಓ ಆದ ಮೇಲೆ ಗೆರೆ ನಿಲ್ಲುತ್ತದೆ, ಮತ್ತೆ ಅಳಿಸುವುದಿಲ್ಲ. ನಮ್ಮ ಮನೆಗೆ ಹಿರಿಯ ಮಗುವೂ ಕಿರಿಯ ಮಗುವೂ ನಾನೇ.

ಬಾಯಿ ತೆರೆದೆ. ದನಿ ಬರಲಿಲ್ಲ. "ಕೀಲಿ ತರಿಸಬೇಕೇನೋ!" ಎಂದು ಸುಬ್ಬಿಮಾವ ಕೂಗಿದ. ನಗು ಅಲೆಯಂತೆ ಸಾಲಿನುದ್ದಕ್ಕೂ ಹೋಯಿತು. ನಗು ನಿಂತಾಗ "ಅಪ್ಪ" ಎಂದೆ, ನನಗೇ ಕೇಳಿಸದಷ್ಟು.

"ಓ" ಎಂದಳು ಅವ್ವ.

"ಜೋರಾಗಿ! ಮೀನಿಗೂ ಕೇಳಲಿಲ್ಲ!" ಎಂದರು ಯಾರೋ.

ಉಸಿರೆಳೆದುಕೊಂಡು, ಪದವಿ ಪಡೆದ ಮೇಲೆ ಮೊದಲ ಸಲ ಗಂಟಲು ಪೂರ್ತಿ ತೆರೆದು, "ಅಪ್ಪಾ!" ಎಂದು ಕೂಗಿದೆ.

"ಓ!" ಎಂದಳು ಅವ್ವ. "ಓ!" ಎಂದು ಅದೇ ಗಳಿಗೆಯಲ್ಲಿ, ಹತ್ತು ಮಾರು ಆಚೆಗಿನ ಒಂಟಿಬಂಡೆಯ ಹಿಂದಿನಿಂದ ಇನ್ನೊಂದು ದನಿ ಬಂತು. ಎಷ್ಟೋ ವರ್ಷದ ಅಭ್ಯಾಸ. ಹೆಂಡತಿ ಬಂಡೆಯೇರುವುದನ್ನು ಕದ್ದು ನೋಡಲು ಬಂದು ಕೂತವನು, ಮಗ ಕರೆದನೆಂದು ಓಗೊಟ್ಟುಬಿಟ್ಟಿದ್ದ.

ಬಂಡೆಗಳ ನಡುವೆ ನೀರು ಸರಿಯುವ ಸದ್ದು ಮಾತ್ರ.

"ಮಾರ್ದನಿ!" ಎಂದ ಸುಬ್ಬಿಮಾವ ಗಡಬಡಿಸಿ. ಕೈಗೆ ಬಂದ ಬೈಗುಳದ ಜೊತೆಗಾತಿಯನ್ನು ಕಳೆದುಕೊಳ್ಳಲು ಅವನು ತಯಾರಿರಲಿಲ್ಲ. "ಆ ಬಂಡೆಗೆ ಮೊದಲಿಂದಲೂ ಮಾರ್ದನಿ ಉಂಟು. ಹೌದೋ ಅಲ್ವೋ?" ಹೌದು, ಹೌದು ಎಂದರು ನಾಲ್ಕೈದು ಜನ, ನೀರಿನೊಳಗೆ ಏನನ್ನೋ ಹುಡುಕುವವರಂತೆ ತಲೆ ತಗ್ಗಿಸಿ.

ಅವ್ವ ಒಂಟಿಬಂಡೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಈರಾ, ಆ ಬಂಡೆಗೆ ಮಾರ್ದನಿ ಉಂಟಾ?"

"ಉಂಟು" ಎಂದೆ.

"ಮೊದಲ ಸಲ ಯಾಕೆ ಬರಲಿಲ್ಲ?"

"ದನಿ ಸಣ್ಣದಿತ್ತು."

ಜನ ನಕ್ಕರು. ಅವ್ವ ನಗಲಿಲ್ಲ. "ಸರಿ, ಕರಿ" ಎಂದಳು.

ಮೂರನೆಯ ಸಲ ಕರೆದೆ. ಅವ್ವ ರುಮಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒಂಟಿಬಂಡೆಯ ಕಡೆ ತಿರುಗಿ ನಿಂತಳು. ಒಂದು ಅಲೆ ಬಂದು ಹೋಯಿತು. ಎರಡನೆಯದು ಬಂದು ಹೋಯಿತು. ಕೆಳಗೆ ನಮ್ಮ ಬಂಡೆಯ ದೊಡ್ಡ ಕಂದು ಹೆಣ್ಣು, ಕೆನ್ನೆಗೆ ಅರ್ಧ ನೀಲಿ ಬಂದದ್ದು, ಸುತ್ತು ಹಾಕುವುದನ್ನು ಬಿಟ್ಟು ರೆಕ್ಕೆಯನ್ನಷ್ಟೇ ಆಡಿಸುತ್ತ ನಿಂತಿತ್ತು. ಮೂರನೆಯ ಅಲೆಯೂ ಹೋಯಿತು. ಒಂಟಿಬಂಡೆಯ ಹಿಂದೆ ಅಪ್ಪ ತನ್ನ ಮಣಿಕಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದನೆಂದು ನನಗೆ ಆಮೇಲೆ ತಿಳಿಯಿತು. ಹಲ್ಲಿನ ಗುರುತು ವಾರ ಕಳೆದರೂ ಮಾಯಲಿಲ್ಲ.

"ಓ" ಎಂದಳು ಅವ್ವ.

ಹೊಸ ಯಜಮಾನ ಎಂಥ ಗಂಭೀರ, ಓ ಅನ್ನಲು ಕೂಡ ಎಷ್ಟು ಹೊತ್ತು ತೆಗೆದುಕೊಂಡ ಎಂದು ಊರು ಇಂದಿಗೂ ಹೊಗಳುತ್ತದೆ.

ಹದಿಮೂರನೆಯ ದಿನ ಅಪ್ಪ ದೋಣಿ ನಡೆಸಿಕೊಂಡು ಎಲ್ಲರಿಗೂ ಕಾಣುವಂತೆ ಬಂದ. ಗಾಳಿ, ಚುಕ್ಕಾಣಿ ಎಂದು ದಡದಲ್ಲೇ ನಾಲ್ಕು ಸಲ ಹೇಳಿದ. ಯಾರೂ ಮರುಪ್ರಶ್ನೆ ಹಾಕಲಿಲ್ಲ. ನಮ್ಮೂರಿನಲ್ಲಿ ಗೆರೆ ಹೋದವರ ಬಗ್ಗೆ ಇರುವ ನಿಯಮ ಸರಳ: ಮನೆಯಲ್ಲಿ ಅವರೇ ಎಲ್ಲರಿಗಿಂತ ಕಿರಿಯರು. ಊಟದ ಸಾಲಿನಲ್ಲಿ ಕೊನೆಗೆ ಕೂರಬೇಕು. ಮೀನಿನ ತಲೆ ಯಜಮಾನನ ತಟ್ಟೆಗೆ, ಬಾಲ ಅವರಿಗೆ. ಬಾಗಿಲಲ್ಲಿ ನಿಂತ ಅಪ್ಪನನ್ನು ಅವ್ವ, ಇನ್ನು ನಾನು ಅಪ್ಪ ಎಂದು ಕರೆಯಬೇಕಾದ ಅವ್ವ, ಕಾಲಿನಿಂದ ತಲೆಯ ತನಕ ನೋಡಿದಳು. ಮಣಿಕಟ್ಟಿನ ಮೇಲೆ ಅವಳ ಕಣ್ಣು ಸ್ವಲ್ಪ ನಿಂತಿತು. "ಊಟ ಆಯ್ತಾ?" ಎಂದಳು. ಅಷ್ಟೇ ಕೇಳಿದ್ದು.

ಅಪ್ಪ ಬಾಲವನ್ನು ಮುಳ್ಳು ಕೂಡ ಬಿಡದೆ ಚೀಪುತ್ತಾನೆ. ರೊಟ್ಟಿ ತಟ್ಟಲು ಕಲಿತಿದ್ದಾನೆ. ಆಕಾರ ಯಾವ ಮೀನಿನದೆಂದು ದಿನವೂ ಚರ್ಚೆಯಾಗುತ್ತದೆ. ಸಂಜೆ ಒಲೆಯ ಬಳಿ ಅವ್ವ ಮರುದಿನದ ಬೈಗುಳ ಹೊಸೆಯುವಾಗ ಅವನು ಕೇಳಿ ಕೇಳಿ ನಗುತ್ತಾನೆ, ಕೊನೆಗೆ, "ಒಂದು ದಯವಿಟ್ಟು ಸೇರಿಸಿದರೆ ಚಂದ ಇರ್ತಿತ್ತು" ಎನ್ನುತ್ತಾನೆ. "ಸುಮ್ನೆ ರೊಟ್ಟಿ ನೋಡು, ಸೀದುಹೋಗ್ತದೆ" ಎನ್ನುತ್ತಾಳೆ ಅವ್ವ. ಇಬ್ಬರೂ ನಗುತ್ತಾರೆ. ನಾನು ಮಾಡಿದ್ದು ಒಳ್ಳೆಯದೇ ಆಯಿತೆಂದು ಆಗ ನನಗೆ ಅನ್ನಿಸುತ್ತದೆ. ಸುಬ್ಬಿಮಾವನೂ ಹೊಸ ಬೈಗುಳದ ಪೌಷ್ಟಿಕತೆಗೆ ಎರಡು ಸುತ್ತು ದಪ್ಪಗಾಗಿದ್ದಾನೆ.

ಆದರೆ ಕೆಲವು ಬೆಳಿಗ್ಗೆ, ಬಂಡೆಯ ಮೇಲೆ ನಿಂತು ಅಬ್ಬರಿಸುತ್ತಿರುವಾಗ, ಅವ್ವ ಮಾತಿನ ನಡುವೆ ಒಮ್ಮೆ ನಿಲ್ಲುತ್ತಾಳೆ. ಒಂಟಿಬಂಡೆಯ ಕಡೆ ನೋಡುತ್ತಾಳೆ. ಒಂದು ಅಲೆ ಬಂದು ಹೋಗುವಷ್ಟು ಹೊತ್ತು. ಅಪ್ಪ ಆಗ ಮನೆಯೊಳಗೆ ತೆರೆದ ಕಿಟಕಿಯ ಕೆಳಗೆ ಹಿಟ್ಟು ನಾದುತ್ತಿರುತ್ತಾನೆ. ಅವಳು ಯಾಕೆ ನಿಲ್ಲಿಸಿದಳೆಂದು ಕೈ ನಿಲ್ಲಿಸಿ ಕಿವಿಗೊಡುತ್ತಾನೆ. ಇಬ್ಬರನ್ನೂ ಕಾಣುವ ಜಾಗದಲ್ಲಿ ನಾನು ನಿಂತಿರುತ್ತೇನೆ.

ಎಂಟನೆಯ ದಿನ ತಟ್ಟೆಯನ್ನು ಬೋರಲಾಗಿಟ್ಟುಕೊಂಡು ಅವ್ವ ಹೇಳಿದ್ದು ಇದು: "ಎಲ್ಲಾದರೂ ಅವರು ಕಂಡರೆ ಹೇಳು ಈರಾ, ಈ ಗೆರೆ ಹೋದರೆ ಹೋಗಲಿ, ಬಂದುಬಿಡಲಿ ಅಂತ." ನಾನು ಅದನ್ನು ಅಪ್ಪನಿಗೆ ಹೇಳಲೇ ಇಲ್ಲ.